ಡಿಪಿಯಲ್ಲಿ ಉಳಿದ ಹುಣಸೆಮರ

ಚನ್ನಗಿರಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸಿಗೆ ವಾಟ್ಸ್‌ಆ್ಯಪ್ ಕರೆ ಬಂತು. ಪರದೆಯ ಮೇಲೆ, ಕರೆ ಮಾಡಿದವರ ಡಿಪಿಯಲ್ಲಿ, ನಮ್ಮೂರ ರಸ್ತೆಬದಿಯ ಹುಣಸೆಮರ ಕಾಣಿಸಿತು. ರಸ್ತೆ ಅಗಲ ಮಾಡಲು ಅದನ್ನು ಕಡಿಯಬಾರದೆಂದು ನಮ್ಮ ಪರಿಸರ ಬಳಗ ಊರಿಗೆಲ್ಲ ಈ ಫೋಟೊ ಹಂಚಿ, ಡಿಪಿಗೆ ಹಾಕಿಕೊಳ್ಳಿ ಎಂದು ಬೇಡಿತ್ತು. ಮರ ಉರುಳಿದ ವಾರದಲ್ಲೇ ಎಲ್ಲರ ಡಿಪಿಯಲ್ಲೂ ಅವರವರ ಮುಖ ವಾಪಸ್ ಬಂದಿತ್ತು, ನನ್ನದರಲ್ಲೂ.

ಆ ಹೆಂಗಸಿನ ಮಾತು ಮುಗಿದ ಮೇಲೆ, ಕರೆ ಮಾಡಿದ್ದು ಯಾರೆಂದು ಕೇಳಿದೆ.

“ನಮ್ಮಪ್ಪ ರೀ. ಆ ಮರದ ಕೆಳಗೆ ಶೇಂಗಾ ಮಾರ್ತಿದ್ದ. ಈಗ ಸುಮ್ನೆ ಮನ್ಯಾಗೆ ಕುಂತಿರ್ತಾನೆ. ಆ ಫೋಟೊ ಮಾತ್ರ ಬದಲಾಯ್ಸಾಕೆ ಬಿಡಲ್ಲ.”

ಅವರು ಇಳಿದು ಹೋದ ಮೇಲೆ ಬಳಗದ ಗ್ರೂಪ್ ತೆರೆದೆ. ಮರ ಬಿದ್ದ ದಿನದ ಅಳುವ ಎಮೋಜಿಗಳೇ ಅಲ್ಲಿ ಕೊನೆಯವು. ಯಾರೂ ಗ್ರೂಪ್ ಬಿಟ್ಟು ಹೋಗಿಲ್ಲ, ಯಾರೂ ಮಾತಾಡಿಯೂ ಇಲ್ಲ.