ನೀರಿಲ್ಲದ ಎಡೆ

ಪುಟ್ಟಗೌರಮ್ಮ ತೊಟ್ಟಿಲಲ್ಲಿದ್ದಾಗ ಅವಳಪ್ಪ, ನಾಗಮಂಗಲದ ಸಿಪಾಯಿ ಚಿಕ್ಕಣ್ಣ, ಎರಡನೇ ಮಹಾಯುದ್ಧಕ್ಕೆ ಹೋದ. ಸಿಂಗಾಪುರದಲ್ಲಿ ಜಪಾನೀಯರಿಗೆ ಸೆರೆಸಿಕ್ಕ. ನಡುಸಮುದ್ರದಲ್ಲಿ, ಕೈದಿಗಳ ಹಡಗಿನಲ್ಲಿ ಸತ್ತನೆಂಬ ಸುದ್ದಿಯಷ್ಟೇ ಊರಿಗೆ ಬಂತು.

ಮುಳುಗಿಯೇ ಸತ್ತಿರಬೇಕು, ನೀರು ಬಲಿ ತೆಗೆದುಕೊಂಡವನಿಗೆ ಮತ್ತೆ ನೀರು ತೋರಿಸಬಾರದು ಎಂದು ಅವಳಮ್ಮ ಹಟ ಹಿಡಿದಳು. ಅಲ್ಲಿಂದಾಚೆ ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿ ಅವನಿಗೆ ಮುದ್ದೆ, ಉಪ್ಸಾರು, ಬೀಡಿ ಎಲ್ಲ ಇರುತ್ತಿತ್ತು. ನೀರಿನ ಲೋಟ ಮಾತ್ರ ಇರುತ್ತಿರಲಿಲ್ಲ. ಮಗನ ಸರ್ಕಾರಿ ನೌಕರಿಯ ಹಿಂದೆ ಬಂದು ಘಾಜಿಯಾಬಾದಿನ ಫ್ಲ್ಯಾಟಿನಲ್ಲಿ ಮುದುಕಿಯಾದ ಪುಟ್ಟಗೌರಮ್ಮ, ಒಬ್ಬಳೇ ಮಗಳಾದ್ದರಿಂದ, ಅದನ್ನೇ ನಡೆಸಿಕೊಂಡು ಬಂದಳು. ಸೊಸೆ ಮರೆತು ಲೋಟ ಇಟ್ಟರೆ ಸಿಡಿದೇಳುತ್ತಿದ್ದಳು.

ಈ ಸಲ ಅಮಾವಾಸ್ಯೆಯ ಮುನ್ನಾದಿನ ಫರೀದಾಬಾದಿನ ಮುದುಕನೊಬ್ಬ ಮಾಜಿ ಸೈನಿಕರ ಸಂಘದಿಂದ ವಿಳಾಸ ಪಡೆದು ಮನೆ ಹುಡುಕಿಕೊಂಡು ಬಂದ. ಅವನಪ್ಪ ಅದೇ ಹಡಗಿನಿಂದ ಬದುಕಿ ಬಂದವನು.

"ಹಡಗು ಮುಳುಗಿದಾಗ ನಿಮ್ಮಪ್ಪ ಹೇಗೆ ಉಳಿದರು, ಭಯ್ಯಾ?" ಎಂದು ಪುಟ್ಟಗೌರಮ್ಮ ತನ್ನ ಹರಕು ಹಿಂದಿಯಲ್ಲಿ ಕೇಳಿದಳು.

"ಮುಳುಗಲೇ ಇಲ್ಲ, ಮಾಜೀ. ಎಲ್ಲರನ್ನೂ ತಳದಲ್ಲಿ ಕೂಡಿಹಾಕಿದ್ದರು. ಚಿಕ್ಕಣ್ಣ ಪಾನಿ, ಪಾನಿ ಅನ್ನುತ್ತಲೇ ಹೋದರಂತೆ. ಒಂದು ಗುಟುಕೂ ಸಿಗಲಿಲ್ಲವಂತೆ."

ಮರುದಿನ ಅವಳು ಎಡೆಯ ಮುಂದೆ ಲೋಟ, ಚೊಂಬು, ಕೊನೆಗೆ ಕುಕ್ಕರಿನಲ್ಲೂ ನೀರು ತುಂಬಿ ತುಂಬಿ ಇಟ್ಟಳು.

"ಸಾಕು ಬಿಡಿ ಅತ್ತೆ," ಎಂದಳು ಸೊಸೆ.

"ಸಾಕು ಅಂತ ನಮ್ಮಪ್ಪ ಹೇಳ್ಲಿ."