ಅತ್ತೆ ನುಂಗಿಕೊಂಡ ಅಲ್ಲೆಲೂಯ

ನಮ್ಮ ದರ್ಜಿ ಅತ್ತೆಯ ಬಾಯಿಗೆ ಬೀಗವಿಲ್ಲ. ಸೂಜಿಗೆ ದಾರ ಪೋಣಿಸಿದರೆ "ಅಲ್ಲೆಲೂಯ". ಕಳೆದ ಗುಂಡಿ ಮಂಚದಡಿ ಸಿಕ್ಕರೆ "ಅಲ್ಲೆಲೂಯ". ಹಾಲು ಉಕ್ಕುವ ಮೊದಲು ಒಲೆ ಆರಿಸಿದರೂ ಅದೇ. ದೇವರಿಗೆ ಸ್ತುತಿ ಎಂಬ ಅರ್ಥದ ಆ ಪದವನ್ನು ಅವಳು ಉಪ್ಪಿನ ಹಾಗೆ ಎಲ್ಲದಕ್ಕೂ ಉದುರಿಸುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ, ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬರುವವರೆಗೆ.

ಬೂದಿ ಬುಧವಾರ ಹಣೆಗೆ ಬೂದಿ ಬಿತ್ತೆಂದರೆ ನಮ್ಮ ಚರ್ಚಿನಲ್ಲಿ ಆ ಪದ ಬಂದ್. ಶಿಲುಬೆಗೇರಿ ಸತ್ತ ಯೇಸು ಮತ್ತೆ ಎದ್ದು ಬರುವ ಈಸ್ಟರ್ ತನಕ ಯಾರೂ ಅದನ್ನು ಹಾಡುವುದಿಲ್ಲ. ಹಸಿದವನಿಗೇ ಊಟದ ರುಚಿ ಗೊತ್ತು. ಹಾಡಿಗೂ ಒಂದಿಷ್ಟು ಹಸಿವಾಗಲಿ ಎಂಬ ಲೆಕ್ಕ. ಅದೂ ಸಾಲದೆಂದು ನಮ್ಮ ಗಾಯಕರ ಗುಂಪು ತನ್ನದೇ ಕಟ್ಟಳೆ ಮಾಡಿಕೊಂಡಿತ್ತು. ಮನೆಯಲ್ಲೂ ಅನ್ನಬಾರದು. ಬಾಯಿ ಜಾರಿದವರು ಬಂದು ಒಪ್ಪಿಕೊಳ್ಳಬೇಕು. ಜಾರದೆ ಉಳಿದವರಲ್ಲಿ ಹಿರಿಯರು ಈಸ್ಟರ್ ಮುಂಜಾನೆ ಮೊದಲ ಅಲ್ಲೆಲೂಯವನ್ನು ಒಬ್ಬರೇ ಶುರು ಮಾಡಬೇಕು.

ಹಿರಿಯಳು ಅತ್ತೆಯೇ. ಆದರೆ ಪ್ರತಿ ವರ್ಷ ಮೊದಲ ವಾರವೇ ಯಾವುದೋ ಸೂಜಿ ಅವಳ ಮಾನ ಕಳೆಯುತ್ತಿತ್ತು. ಹಾಡು ಗುಂಪಿನಲ್ಲಿ ಅವಳ ನಂತರದ ಹಿರಿಯನಾದ ಬೇಕರಿ ಮಾಮನ ಪಾಲಾಗುತ್ತಿತ್ತು. ಆ ಮನುಷ್ಯನ ಗಂಟಲೋ, ಒಡಕು ಮಡಕೆ. ಇದು ನನ್ನ ಮಾತು. ಅತ್ತೆ ಪಾಪ, ಹಾಗೆಲ್ಲ ಅನ್ನುವವಳಲ್ಲ.

ಈ ವರ್ಷ ಅವಳು ಹಟ ಹಿಡಿದಳು. "ಉಸಿರು ಮೊದಲಿನ ಹಾಗೆ ನಿಲ್ತಿಲ್ಲ ಕಣೇ. ಮುಂದಿನ ಈಸ್ಟರ್‌ಗೆ ಈ ಗಂಟಲು ಏನಾಗಿರುತ್ತೋ. ಒಂದೇ ಒಂದು ಸಲ ನಾನು ಶುರು ಮಾಡ್ಬೇಕು" ಅಂದಳು.

ಸೂಜಿ ಪೋಣಿಸುವಾಗ ಬಟ್ಟೆಯ ತುಂಡೊಂದನ್ನು ಕಚ್ಚಿಕೊಳ್ಳತೊಡಗಿದಳು. ದಾರ ಒಳಹೊಕ್ಕರೆ ಬರೀ "ಮ್‌ಮ್‌ಮ್". ಹಲ್ಲುನೋವೇನೋ ಎಂದು ಗಿರಾಕಿಗಳು ಲವಂಗ ತಂದುಕೊಟ್ಟರು. ಬೇಕರಿ ಮಾಮ ದಿನಾ ಬ್ರೆಡ್ಡಿನ ನೆಪದಲ್ಲಿ ಬಂದು, ಬೇಕೆಂದೇ ಒಳ್ಳೆ ಸುದ್ದಿ ಹೇಳುವನು. "ಅಕ್ಕಾ, ಕಳೆದುಹೋಗಿದ್ದ ನಿಮ್ಮ ಕತ್ತರಿ ಸಿಕ್ತಂತೆ?" ಅತ್ತೆ ಬಟ್ಟೆ ಕಚ್ಚಿ, ಕಣ್ಣರಳಿಸಿ, ತಲೆಯಾಡಿಸುವಳು. ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಗುತ್ತಿತ್ತು.

ಶುಭ ಶುಕ್ರವಾರವೂ ದಾಟಿತು. ಉಳಿದದ್ದು ಶನಿವಾರ ಒಂದೇ. ಆ ಬೆಳಿಗ್ಗೆಯೇ ಅತ್ತೆಯ ಮಗಳಿಗೆ ಹೆರಿಗೆ ನೋವು ಶುರುವಾಯಿತು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಅದೇ ಬಟ್ಟೆ ತುಂಡನ್ನು ಹಿಂಡುತ್ತ ಕೂತಳು. ಮಧ್ಯಾಹ್ನ ನರ್ಸ್ ಬಾಗಿಲು ತೆಗೆದು, "ಹೆಣ್ಣು ಮಗು, ಅಜ್ಜಿ. ಇಬ್ರೂ ಚೆನ್ನಾಗಿದ್ದಾರೆ" ಅಂದಳು. ಒಳಗಿನಿಂದ ಅಳು ಕೇಳಿತು. ಬಟ್ಟೆ ನೆಲಕ್ಕೆ ಬಿತ್ತು. ಅತ್ತೆ ಕೂಗಿದ ಅಲ್ಲೆಲೂಯಕ್ಕೆ ಪಕ್ಕದ ವಾರ್ಡಿನಲ್ಲಿ ಮಲಗಿದ್ದ ರೋಗಿಯೊಬ್ಬ ಎದ್ದು ಕೂತ.

"ಹೋಯ್ತಲ್ಲೇ" ಅಂದಳು, ನಗುತ್ತ, ಅಳುತ್ತ.

"ಚರ್ಚಿನೋರು ಯಾರೂ ಕೇಳಿಸ್ಕೊಂಡಿಲ್ಲ ಬಿಡತ್ತೆ."

"ಕೇಳಿಸ್ಕೊಳ್ಬೇಕಾದೋನು ಕೇಳಿಸ್ಕೊಂಡ."

ನಾನು ಗುಂಪಿನವರಿಗೆಲ್ಲ ಮಗುವಿನ ಸುದ್ದಿಯಷ್ಟನ್ನೇ ಮೆಸೇಜ್ ಹಾಕಿದೆ.

ಈಸ್ಟರ್ ಮುಂಜಾನೆ ಚರ್ಚು ತುಂಬಿತ್ತು. ಫಾದರ್ ನಮ್ಮತ್ತ ನೋಡಿದರು. ಅತ್ತೆ ಎದ್ದು ನಿಂತು, "ನಂದು ನಿನ್ನೆ ಜಾರಿತು ಫಾದರ್, ಮೊಮ್ಮಗಳು ಹುಟ್ಟಿದಾಗ. ಬೇಕರಿಯವರೇ ಹಾಡ್ಲಿ" ಅಂದಳು.

ಬೇಕರಿ ಮಾಮ ತನ್ನ ಬೂಟು ನೋಡಿಕೊಂಡ. "ಮೆಸೇಜ್ ನೋಡಿ ನಾನೂ ಕೂಗ್ಬಿಟ್ಟೆ ಅಕ್ಕಾ. ಒಂದು ತಟ್ಟೆ ಬನ್ನು ಮಣ್ಣುಪಾಲಾಯ್ತು."

"ನಾನು ಸೈಕಲ್ ಮೇಲೆ" ಅಂದಳು ಅಂಚೆಯವಳು. ಆರ್ಗನ್ ಮೇಷ್ಟ್ರು ಸ್ನಾನದ ಮನೆಯಲ್ಲಂತೆ. ನಾನಂತೂ ಮೆಸೇಜ್ ಒತ್ತುವಾಗಲೇ ಅಂದಿದ್ದೆ. ಗುಂಪಿನಲ್ಲಿ ಒಂದು ಬಾಯಿಯೂ ಉಳಿದಿರಲಿಲ್ಲ. ಬೆಂಚುಗಳಲ್ಲಿ ಕಿಸಕ್ಕೆಂದ ನಗು ಹಿಂದಿನ ಗೋಡೆಯ ತನಕ ಹೋಯಿತು. ಕೊನೆಗೆ ಎಲ್ಲರೂ ಫಾದರ್ ಮುಖ ನೋಡಿದರು.

ಫಾದರ್ ಕೆಮ್ಮಿದರು. "ಮೆಸೇಜ್ ಬಂದಾಗ ನಾನು ಮೇಣದಬತ್ತಿ ಜೋಡಿಸ್ತಿದ್ದೆ. ಆಮೇಲೆ ಎಲ್ಲಾ ನೆಲದಿಂದ ಎತ್ಕೊಳ್ಬೇಕಾಯ್ತು."

"ಹಾಗಾದ್ರೆ ಹಾಡೋರು ಯಾರು?" ಬೇಕರಿ ಮಾಮ ಕೇಳಿದ.

"ಎಲ್ರೂ ಜಾರಿ ಬಿದ್ದೋರೇ. ಮೊದಲು ಬಿದ್ದೋರು ಮೊದಲು ಏಳ್ಲಿ" ಎಂದು ಫಾದರ್ ಅತ್ತೆಯ ಕಡೆ ಕೈ ತೋರಿದರು.

ಅತ್ತೆ ಉಸಿರೆಳೆದುಕೊಂಡು ಶುರು ಮಾಡಿದಳು. ತೆಳ್ಳಗೆ, ನೇರವಾಗಿ ಏರಿದ ಆ ದನಿ ಅರ್ಧಕ್ಕೇ ನಿಂತುಹೋಯಿತು, ಉಸಿರು ಸಾಲಲಿಲ್ಲ. ನಿಂತಲ್ಲಿಂದ ಬೇಕರಿ ಮಾಮ ತನ್ನ ಒಡಕು ಗಂಟಲಿನಲ್ಲಿ ಎತ್ತಿಕೊಂಡ, ಅವನ ಹಿಂದೆ ನಾವೆಲ್ಲ. ಇನ್ನು ಆ ಗಂಟಲನ್ನು ನಾನು ಬೈಯುವುದಿಲ್ಲ.