ದುರ್ಗಿ ಕೇಳಿದ ಇನ್ನೊಂದು ಕೈ

ತೆಂಗಿನಗುಂಡಿಯ ದುರ್ಗಿ ಈ ಮಳೆಗಾಲದಲ್ಲಿ ತೀರಿಕೊಂಡಳು. ಅವಳನ್ನು ಬಲ್ಲವರಿಗೆ ಮೊದಲು ನೆನಪಾಗುವುದು ಶಿರಾಲಿಯ ರಸ್ತೆಯಲ್ಲಿ ಅವಳು ಹಾಕುತ್ತಿದ್ದ ಕೂಗು: “ಹ್ವಾಯ್, ಒಂದ್ ಕೈ ಕೊಡಿ!”

ಮೀನು ತುಂಬಿದ ಬುಟ್ಟಿಯನ್ನು ಯಾವ ಹೆಂಗಸೂ ಒಬ್ಬಳೇ ತಲೆಗೇರಿಸಿಕೊಳ್ಳಲಾರಳು. ಬಸ್ಸಿಗೆ ಓಡುವ ಗುಮಾಸ್ತನಿರಲಿ, ನಮಾಜು ಮುಗಿಸಿ ಬರುವ ಸಾಹೇಬರಿರಲಿ, ಎದುರಿಗೆ ಬಂದವರು ನಿಂತು ಬುಟ್ಟಿಯ ಇನ್ನೊಂದು ಅಂಚು ಹಿಡಿಯುತ್ತಿದ್ದರು. ಮೀನಿನ ನೀರು ಮೊಣಕೈಗೆ ಇಳಿದರೂ ಒಲ್ಲೆನೆನ್ನುತ್ತಿರಲಿಲ್ಲ. ಕೇಳುವವರಿಗೆ ನಾಚಿಕೆಯೂ ಇರಲಿಲ್ಲ.

ಮಂಡಿ ಸೋತ ಮೇಲೆ ದುರ್ಗಿ ಬುಟ್ಟಿ ಬಿಟ್ಟು ಹೊನ್ನಾವರದ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಕೆಲಸಕ್ಕೆ ಸೇರಿದಳು. ಒಂದು ಪಾಳಿಗೆ ಇಬ್ಬರು ಎಂದು ಹೇಳಿ ಕರೆಸಿದ್ದರು. ಹೋಗಿ ನೋಡಿದರೆ ಇಡೀ ಕೆಳಮಹಡಿಗೆ ಅವಳೊಬ್ಬಳೇ. ಎತ್ತುವುದು, ಕೂರಿಸುವುದು, ಒರೆಸುವುದು, ಮತ್ತೆ ಮಲಗಿಸುವುದು. ಸಂಜೆ ಹೊತ್ತಿಗೆ ಸೊಂಟ ತನ್ನದಲ್ಲ ಎನ್ನಿಸುತ್ತಿತ್ತು. ಅವಳು ಬರುವ ಮೊದಲು ಮಾಬ್ಲ ಎಂಬ ಮುದುಕನನ್ನು ಒಬ್ಬ ಹುಡುಗಿ ಒಂಟಿಯಾಗಿ ಎತ್ತಲು ಹೋಗಿ ಕೈ ಜಾರಿತ್ತು. ಅವನು ಮತ್ತೆ ಏಳಲಿಲ್ಲ. ಆ ಖಾಲಿ ಮಂಚವನ್ನು ನೋಡಿದಾಗಲೆಲ್ಲ ದುರ್ಗಿಗೆ ಮುಂದಿನ ಸರದಿ ಸುಮತಿಯಕ್ಕೋರದು ಎನ್ನಿಸಿಬಿಡುತ್ತಿತ್ತು.

ಸುಮತಿ ನಿವೃತ್ತ ಶಿಕ್ಷಕಿ, ಅದಕ್ಕೇ ಎಲ್ಲರಿಗೂ ಅಕ್ಕೋರು; ತೋಟದ ಮನೆಯವರು, ಮದುವೆಯಾಗಿರಲಿಲ್ಲ. ಭಾರದ ಮೈ, ಲಕ್ವ ಹೊಡೆದು ಬಿದ್ದುಹೋದ ಎಡಗಾಲು.

“ಎನ್ನನ್ನ ಮೀನಿನ ಬುಟ್ಟಿ ಅಂದ್ಕಂಡ್ಯನೇ, ಹೀಂಗೆ ಎಳೀತೆ?” ಎನ್ನುವರು.

“ಬುಟ್ಟಿ ಇಷ್ಟ್ ಮಾತಾಡ್ತಿರ್ಲಿಲ್ಲ ಅಕ್ಕೋರೇ,” ಎನ್ನುವಳು ದುರ್ಗಿ.

ನಗು ಮುಗಿದ ಮೇಲೂ ಇನ್ನೊಬ್ಬರು ಇರುತ್ತಿರಲಿಲ್ಲ. ಆಗ ದುರ್ಗಿ ಹಳೆಯ ದಾರಿ ಹಿಡಿದಳು. ಹಾಲಿನವನು ಬಂದರೆ ಹಾಲಿನವನನ್ನು, ಸಿಲಿಂಡರಿನವನು ಬಂದರೆ ಅವನನ್ನು ಬಾಗಿಲಿನಿಂದ ಕೂಗುವಳು: “ಒಂದ್ ಕೈ ಕೊಡಿ.” ಯಾರೂ ಬಾರದ ದಿನ ಸುಮತಿ ಒದ್ದೆ ಹಾಸಿಗೆಯಲ್ಲೇ ಕಾಯುವರು.

ವ್ಯವಸ್ಥಾಪಕ ಕಮಲಾಕರ ಕೆಟ್ಟವನೇನಲ್ಲ. ಇನ್ನೊಬ್ಬಳನ್ನು ಇಡಿ ಎಂದರೆ, “ಯಾರು ಬತ್ತಾರೆ ದುರ್ಗಿ ಈ ಕೆಲಸಕ್ಕೆ? ನೀನೇ ಹುಡುಕಿ ಕೊಡು,” ಎಂದು ಕೈ ಚೆಲ್ಲುತ್ತಿದ್ದ.

ತಪಾಸಣೆಗೆ ಅಧಿಕಾರಿ ಬರುವ ದಿನ ಮಾತ್ರ ಮೂವರು ಹೆಂಗಸರು ಸಿಬ್ಬಂದಿಯ ನೀಲಿ ಸೀರೆಯಲ್ಲಿ ಬಂದಿಳಿದರು. ಮದುವೆ ಮನೆಗಳಲ್ಲಿ ಬಡಿಸುವವರು. ಅವರಲ್ಲಿ ಶಾಂಭವಿ ಎಂಬವಳು ಮಂಚಗಳನ್ನು ನೋಡಿ ಕೇಳಿದಳು:

“ಎಂತ ಮಾಡ್ಕು ನಾವು?”

“ಎಂತದೂ ಬೇಡ. ಗೋಡೆ ಬದಿಗೆ ನಿಲ್ಲಿ,” ಎಂದ ಕಮಲಾಕರ. ಆಮೇಲೆ ದುರ್ಗಿಯನ್ನು ಬದಿಗೆ ಕರೆದ. “ಕೇಳಿದ್ದಕ್ಕೆ ಮಾತ್ರ ಉತ್ತರ. ಇದನ್ನ ಮುಚ್ಚಿಸಿದ್ರೆ ನಿನ್ನ ಅಕ್ಕೋರು ಎಲ್ಲಿಗೆ ಹೋಗ್ಬೇಕು, ಹೇಳು?”

ದುರ್ಗಿ ಸುಮತಿಯ ಮಂಚದ ಕಡೆ ನೋಡಿದಳು. “ಆತು,” ಎಂದಳು. ಸುಳ್ಳು ಹೇಳುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೇಳಿದಳು.

ಅಧಿಕಾರಿ ವಂದನಾ ಅಡುಗೆಮನೆ ನೋಡಿದರು, ಬೆಂಕಿ ನಂದಿಸುವ ಸಿಲಿಂಡರ್ ತಿರುಗಿಸಿ ನೋಡಿದರು, ಬಚ್ಚಲಿನ ಹಿಡಿಕೆ ಅಲುಗಿಸಿದರು. ನೀಲಿ ಸೀರೆಗಳನ್ನು ಕಂಡು ತಲೆಯಾಡಿಸಿದರು. ಎಲ್ಲ ಸುಸೂತ್ರ ಮುಗಿದು ಹೊರಡುವ ಹೊತ್ತಿಗೆ ಸುಮತಿ, “ದುರ್ಗಿ, ಬೇಗ,” ಎಂದರು. ದುರ್ಗಿ ಓಡಿ ಅವರ ಕಂಕುಳಿಗೆ ಕೈ ಹಾಕಿದಳು. ಪಕ್ಕದಲ್ಲಿ ಯಾರೋ ಹಾದುಹೋಗುತ್ತಿದ್ದರು. ತಿರುಗಿ ನೋಡದೆ, ರಸ್ತೆಯಲ್ಲಿ ಕೇಳುವಂತೆಯೇ ಕೇಳಿದಳು:

“ಅಮ್ಮಾ, ಒಂದ್ ಕೈ ಕೊಡಿ.”

ವಂದನಾ ಚೀಲ ಕೆಳಗಿಟ್ಟು ಕೈ ಕೊಟ್ಟರು. ಇಬ್ಬರೂ ಸೇರಿ ಸುಮತಿಯನ್ನು ಎಬ್ಬಿಸಿ ಕುರ್ಚಿಗೆ ಕೂರಿಸಿದರು.

“ಎನ್ನ ಎತ್ತಲೆ ಇಂದು ಸರ್ಕಾರವೇ ಬಂತಲೇ!” ಎಂದರು ಸುಮತಿ.

ವಂದನಾ ನಗಲಿಲ್ಲ. ಗೋಡೆಯ ಬದಿಯಲ್ಲಿ ನಿಂತಿದ್ದ ಮೂವರನ್ನು ನೋಡಿದರು. “ಅವರನ್ನ ಯಾಕೆ ಕರೀಲಿಲ್ಲ?”

ದುರ್ಗಿ ಕಮಲಾಕರನ ಮುಖ ನೋಡಿದಳು. ಗಟ್ಟಿ ಮಾಡಿಕೊಂಡು ಬಂದಿದ್ದ ಸುಳ್ಳನ್ನು ಹೇಳುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

“ಅವ್ರಿಗೆ ಅಭ್ಯಾಸ ಇಲ್ಲ.”

“ಹಾಗಾದ್ರೆ ದಿನಾ ಯಾರು ಕೈ ಕೊಡ್ತಾರೆ?”

“ಯಾರ್ ಬಂದ್ರೆ ಅವ್ರು. ಹಾಲಿನವ. ಇಲ್ಲದಿದ್ರೆ ಯಾರೂ ಇಲ್ಲ.”

ಶಾಂಭವಿ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು.

ಆಶ್ರಮ ಮುಚ್ಚಲಿಲ್ಲ. ಕೆಲಸಕ್ಕೆ ಜನ ಇಡಲು ಇಲಾಖೆಯಿಂದ ಗಡುವು ಬಂತು. ಕಮಲಾಕರ ದುರ್ಗಿಯ ಮೇಲಿನ ಸಿಟ್ಟಿನಲ್ಲೇ ಇಬ್ಬರನ್ನು ನೇಮಿಸಿದ. ಒಬ್ಬಳು ಸಿಗಡಿ ಸುಲಿಯುವ ಕೆಲಸ ಇದಕ್ಕಿಂತ ಹಗುರವೆಂದು ಹೋದಳು. ಇನ್ನೊಬ್ಬಳು, ಅರ್ಚನಾ, ಉಳಿದಳು; ಹೋದವಳ ಜಾಗಕ್ಕೆ ಮತ್ತೊಬ್ಬಳು ಬಂದಳು. ಅಷ್ಟರಲ್ಲಿ ದುರ್ಗಿಯ ಸೊಂಟ ಪೂರಾ ಸೋತಿತ್ತು. ಕೆಲಸ ಬಿಟ್ಟು ಮನೆಯಲ್ಲಿ ಮಲಗಿದವಳಿಗೆ ಎದೆ ನೋವು ಬಂದು ಕುಮಟೆಯ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಹಿಂದಿರುಗಲಿಲ್ಲ.

ಸುದ್ದಿ ಬಂದ ಬೆಳಿಗ್ಗೆ ಪಾಳಿಯ ಇನ್ನೊಬ್ಬಳು ರಜೆ ಹಾಕಿದ್ದಳು. ಅರ್ಚನಾ ಕಣ್ಣೊರೆಸಿಕೊಂಡು ಸುಮತಿಯನ್ನು ಒಬ್ಬಳೇ ಎತ್ತಲು ಬಾಗಿದಳು. ಸುಮತಿ ಮಂಚದ ಸರಳನ್ನು ಬಿಗಿಯಾಗಿ ಹಿಡಿದುಕೊಂಡರು.

“ಬೇಡ ಕೂಸೇ. ಇನ್ನೊಬ್ಬರ ಕರಿ. ಯಾರೂ ಇಲ್ಲದಿದ್ರೆ ಆ ಕಮಲಾಕರನ್ನೇ ಕರಿ.”

“ಹಾಸಿಗೆ ಒದ್ದೆ ಆಗಿದೆ ಅಕ್ಕೋರೇ.”

“ಆಗಲಿ. ಆನು ಕಾಯ್ತೆ.”

ಅರ್ಚನಾ ಬಾಗಿಲಿಗೆ ಹೋಗಿ ಕೂಗಿದಳು. ಸ್ವಲ್ಪ ಹೊತ್ತಿಗೆ ಕಮಲಾಕರ ಅಂಗಿಯ ತೋಳು ಮಡಚಿಕೊಳ್ಳುತ್ತ ಒಳಗೆ ಬಂದ. ಎಲ್ಲಿ ಹಿಡಿಯಬೇಕೆಂದು ಕೇಳಿದ.